ಅಂತೆ ಬಿಟ್ಟ ನಲವತ್ತು ದಿನ

ಮಂಗಳವಾರ, ಫೆಬ್ರವರಿ 17

ಪುಟ್ಟಿ,

ಈ ಕಾಗದವನ್ನು ನಿಧಾನವಾಗಿ, ಚಪ್ಪರಿಸಿಕೊಂಡು ಓದು. ನಾಳೆ ಬೂದಿ ಬುಧವಾರ, ನಲವತ್ತು ದಿನದ ತಪಸ್ಸುಕಾಲ ಶುರು. ನಾಳೆಯಿಂದ ಪಾಸ್ಕ ಹಬ್ಬದವರೆಗೆ, ಅಂದರೆ ಈಸ್ಟರ್‌ವರೆಗೆ, ನಿನ್ನ ಅಕ್ಕನ ಬಾಯಿಗೆ ಬೀಗ.

ಇದೆಲ್ಲ ಫಾದರ್ ತಂದಿಟ್ಟ ಕಷ್ಟ. ಮೊನ್ನೆ ಭಾನುವಾರ ಪ್ರಸಂಗ ಮಾಡುತ್ತಾ, ತಪಸ್ಸುಕಾಲಕ್ಕೆ ಸಿಹಿ ಬಿಟ್ಟೆ, ಮಾಂಸ ಬಿಟ್ಟೆ ಎಂದು ನನ್ನ ಹತ್ತಿರ ಬಂದು ಹೇಳಬೇಡಿ, ಯಾವುದು ನಿಮಗೆ ಎಲ್ಲಕ್ಕಿಂತ ಪ್ರಿಯವೋ ಅದನ್ನು ಬಿಡಿ ಎಂದರು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಯಾವುದು? ಪಕ್ಕದಲ್ಲಿ ಕೂತ ಅಮ್ಮ ಮೊಣಕೈಯಿಂದ ತಿವಿದಳು. ತಿವಿದ ರೀತಿಯಲ್ಲೇ ಉತ್ತರವಿತ್ತು.

ಹಾಗಾಗಿ ಶಪಥ ಮಾಡಿದ್ದೇನೆ. ನಾಳೆಯಿಂದ ಎದುರಿಗೆ ಇಲ್ಲದವರ ಸುದ್ದಿ ಎತ್ತುವುದಿಲ್ಲ. ‘ಅಂತೆ’ ಎಂಬ ಶಬ್ದ ಬಾಯಲ್ಲೂ ಬರುವುದಿಲ್ಲ, ಪೆನ್ನಲ್ಲೂ ಬರುವುದಿಲ್ಲ. ನಗಬೇಡ. ಕೂದಲು ಕತ್ತರಿಸುವ ಪಾರ್ಲರ್ ನಡೆಸುವವಳು ‘ಅಂತೆ’ ಬಿಡುವುದೆಂದರೆ ಕತ್ತರಿ ಬಿಟ್ಟ ಹಾಗೆ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಬರುವುದು ಕೂದಲಿಗಲ್ಲ.

ಇವತ್ತು ಕೊನೆಯ ದಿನವಾದ್ದರಿಂದ ಹೊಟ್ಟೆ ತುಂಬ ಬಡಿಸುತ್ತೇನೆ. ಬೇಕರಿಯವರ ಹೆಂಡತಿ ತನ್ನ ಕೂದಲು ಹುಟ್ಟಿದಾಗಿನಿಂದ ಇದೇ ಕಪ್ಪು ಎಂದು ಹೇಳಿಕೊಂಡು ತಿರುಗುತ್ತಿದ್ದಾಳಂತೆ. ಮೂರು ವಾರಕ್ಕೊಮ್ಮೆ ಆ ಕಪ್ಪನ್ನು ಹಚ್ಚುವವಳು ನಾನು. ಚರ್ಚಿನ ಗಾಯನದ ಮಾಸ್ತರರಿಗೆ ಗಂಟಲು ಕೂತಿದೆಯಂತೆ, ಊರಿಗೆ ಒಂದಷ್ಟು ಶಾಂತಿ ಸಿಕ್ಕಿದೆ. ಅಮ್ಮನಿಗೆ ಮಂಡಿನೋವಂತೆ, ಆದರೆ ನಿನ್ನ ಮದುವೆಯ ಬಟ್ಟೆ ನೋಡಲು ಅಂಗಡಿ ಅಂಗಡಿ ಹತ್ತುವಾಗ ಅದು ಎಲ್ಲಿ ಹೋಗಿರುತ್ತದೋ ಗೊತ್ತಿಲ್ಲ.

ಇನ್ನು ನಿನ್ನ ಗಡಿಯಾರದ ಹುಡುಗ. ರಸ್ತೆಯಾಚೆ ತನ್ನ ಅಂಗಡಿಯಲ್ಲಿ ಒಂದು ಕಣ್ಣಿಗೆ ಆ ದಪ್ಪ ಗಾಜು ಸಿಕ್ಕಿಸಿಕೊಂಡು ಊರವರ ಕೈಗಡಿಯಾರಗಳನ್ನೆಲ್ಲ ಸರಿಮಾಡುತ್ತಾನೆ, ತಾನು ಮಾತ್ರ ಪೂಜೆಗೆ ಹತ್ತು ನಿಮಿಷ ತಡ. ಆದರೆ ಫಾದರ್ ಆ ಮಾತು ಹೇಳಿದಾಗ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ಅವನೇ. ಒಳ್ಳೆಯ ಹುಡುಗ. ಏಪ್ರಿಲ್ ಹನ್ನೊಂದು, ಪಾಸ್ಕದ ಮರು ಶನಿವಾರ, ನಿಮ್ಮ ಮದುವೆ. ಅಲ್ಲಿಯವರೆಗೆ ನನ್ನ ಶಪಥ ಉಳಿದರೆ ಅದೇ ಒಂದು ಪವಾಡ.

ನಿನ್ನ ಅಕ್ಕ


ಶನಿವಾರ, ಫೆಬ್ರವರಿ 28

ಅಕ್ಕ,

ನಿನ್ನ ಶಪಥದ ವಿಷಯ ಓದಿ ನಾನೊಬ್ಬಳೇ ನಗುತ್ತಿದ್ದೆ. ವಾರ್ಡಿನ ಅಜ್ಜಿಯೊಬ್ಬರು ಗಾಬರಿಯಾಗಿ, ನರ್ಸಮ್ಮನಿಗೂ ಜ್ವರ ಬಂತಾ ಎಂದು ಕೇಳಿದರು.

ನಾನು ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟಿದ್ದೇನೆ. ನಿನ್ನ ಶಪಥದ ಮುಂದೆ ಅದನ್ನು ಹೇಳಿಕೊಳ್ಳಲು ನಾಚಿಕೆ. ಇಲ್ಲಿ ಬೆಟ್ಟದ ಮೇಲೆ ಬಿಡಲಿಕ್ಕೆ ಬೇರೇನೂ ಇಲ್ಲ. ಫೋನು ದೊಡ್ಡ ಸಿಸ್ಟರ್ ಕೋಣೆಯಲ್ಲಿ, ಅದೂ ರೋಗಿಗಳ ಕೆಲಸಕ್ಕೆ ಮಾತ್ರ. ಬುಧವಾರ, ಶನಿವಾರ ಟಪಾಲು ವ್ಯಾನ್ ಹತ್ತಿ ಇಳಿಯುತ್ತದೆ. ಆ ಎರಡು ದಿನ ನಾವೆಲ್ಲ ಏನೋ ಕೆಲಸ ಇರುವವರ ಹಾಗೆ ಗೇಟಿನ ಹತ್ತಿರ ಸುಳಿದಾಡುತ್ತೇವೆ.

ಹೊಸ ಎಕ್ಸ್‌ರೇ ಮಾಸ್ತರರು ಬಂದಿದ್ದಾರೆ. ತಮಾಷೆಯ ಮನುಷ್ಯ. ರೋಗಿಗಳಿಗೆ, ಉಸಿರು ಬಿಗಿಹಿಡಿಯಿರಿ, ನಗು ಬಂದರೆ ಅದನ್ನೂ ಬಿಗಿಹಿಡಿಯಿರಿ, ಫಿಲ್ಮಿನಲ್ಲಿ ಹಲ್ಲು ಕಾಣುತ್ತದೆ ಎನ್ನುತ್ತಾರೆ.

ಅಕ್ಕ, ಒಂದು ವಿಷಯ. ನಮ್ಮ ಗಡಿಯಾರದವರು ವಾರಕ್ಕೆ ಎರಡು ಕಾಗದ ತಪ್ಪದೆ ಬರೆಯುತ್ತಿದ್ದರು. ಈಗ ನಾಲ್ಕು ವ್ಯಾನ್ ಬಂದು ಹೋದವು, ಒಂದು ಸಾಲೂ ಇಲ್ಲ. ಮೈ ಹುಷಾರಿಲ್ಲವಾ? ನಿನ್ನ ಕಿಟಕಿಯಿಂದ ಅವರ ಅಂಗಡಿ ಕಾಣುತ್ತದಲ್ಲ, ನೋಡಿ ಹೇಳು.

ಪುಟ್ಟಿ


ಮಂಗಳವಾರ, ಮಾರ್ಚ್ 3

ಪುಟ್ಟಿ,

ಅಮ್ಮ ಹೇಗಿದ್ದಾಳೆ ಎಂದು ಹೇಳಬೇಕೆಂದರೆ ಅಮ್ಮ ಎದುರಿಗೆ ಇರಬೇಕು. ಅದಕ್ಕೆ ಅವಳನ್ನು ಕರೆದು ಪಾರ್ಲರಿನ ಕುರ್ಚಿಯಲ್ಲಿ ಕೂರಿಸಿದ್ದೇನೆ. ಈಗ ಬರೆಯುತ್ತೇನೆ: ಅಮ್ಮ ಚೆನ್ನಾಗಿದ್ದಾಳೆ, ಸ್ವಲ್ಪ ದಪ್ಪಗಾಗಿದ್ದಾಳೆ. ಜೋರಾಗಿ ಓದಿ ಹೇಳಿದೆ. ದಪ್ಪ ಎನ್ನುವುದನ್ನು ಹೊಡೆದುಹಾಕು ಎನ್ನುತ್ತಿದ್ದಾಳೆ. ಎದುರಿಗೆ ಹೇಳಿದ್ದು ಚಾಡಿಯಲ್ಲ, ಹೊಡೆಯುವುದಿಲ್ಲ ಎಂದೆ. ಎದ್ದು ಹೋಗಿಬಿಟ್ಟಳು. ಇನ್ನು ಅವಳ ವಿಷಯ ಬಂದ್.

ಉಳಿದವರು ಯಾರೂ ಇಲ್ಲಿಲ್ಲ, ಹಾಗಾಗಿ ವಸ್ತುಗಳ ಸುದ್ದಿ ಬರೆಯುತ್ತೇನೆ. ಕೂದಲು ಒಣಗಿಸುವ ಯಂತ್ರ ಹಾಳಾಗಿದೆ. ದೊಡ್ಡ ಕನ್ನಡಿಯ ಮೂಲೆ ಬಿರುಕು ಬಿಟ್ಟಿದೆ. ಪಾರ್ಲರಿನಲ್ಲಿ ನನ್ನ ಮೌನ ನೋಡಿ ಗಿರಾಕಿಗಳು ನನಗೆ ಏನೋ ದೊಡ್ಡ ಕಾಯಿಲೆ ಎಂದು ತೀರ್ಮಾನ ಮಾಡಿ, ಹಣ್ಣು ತಂದುಕೊಡಲು ಶುರುಮಾಡಿದ್ದಾರೆ.

ನೀನು ಕೇಳಿದವರು ಎದುರಿಗೆ ಇಲ್ಲ, ಆದ್ದರಿಂದ ಹೇಳಲಾರೆ. ಮೈ ಗಟ್ಟಿಯಾಗಿದೆ ಎನ್ನುವಷ್ಟಕ್ಕೆ ದೇವರು ಕೋಪಿಸಿಕೊಳ್ಳಲಿಕ್ಕಿಲ್ಲ. ರಸ್ತೆಯ ಕಡೆಯ ಕಿಟಕಿಗೆ ನಿನ್ನೆ ಪರದೆ ಹಾಕಿಸಿದೆ. ಕಣ್ಣಿಗೆ ಬಿದ್ದರೆ ತಾನೇ ನಾಲಿಗೆಗೆ ಬರುವುದು.

ಅಕ್ಕ


ಶನಿವಾರ, ಮಾರ್ಚ್ 7

ಅಕ್ಕ,

ಪರದೆ ಹಾಕಿಸಿದೆಯಾ? ಆ ಕಿಟಕಿಗೆ? ಹತ್ತು ವರ್ಷದಿಂದ ಆ ಕಿಟಕಿಯಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಲೂ ಬಿಟ್ಟವಳಲ್ಲ ನೀನು.

ನೀನು ಏನೋ ನೋಡಿದ್ದೀಯ. ಅಂಗಡಿಗೆ ಯಾರಾದರೂ ಬರುತ್ತಿದ್ದಾರಾ? ಯಾರು? ಅಷ್ಟು ಹೇಳು ಸಾಕು. ಹೆಸರು ಬೇಡ, ಹೌದು ಅಥವಾ ಇಲ್ಲ ಎನ್ನು.

ಪುಟ್ಟಿ


ಗುರುವಾರ, ಮಾರ್ಚ್ 12

ಪುಟ್ಟಿ,

ಹೌದೂ ಎನ್ನಲಾರೆ, ಇಲ್ಲವೂ ಎನ್ನಲಾರೆ. ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎಂದು ನೀನು ಬೈಯುತ್ತೀಯ. ಬೈಸಿಕೊಳ್ಳುತ್ತೇನೆ. ನೋಡಿದ್ದು ನಿಜ. ಆದರೆ ನೋಡಿದ್ದಕ್ಕೆ ಅರ್ಥ ಏನು ಎಂದು ನನಗೇ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಕೈಕಾಲು ಮೂಡಿಸಿ ಓಡಿಸುವುದೇ ಇಷ್ಟು ವರ್ಷ ನಾನು ಮಾಡಿದ ಕೆಲಸ. ಕಡ್ಡಿಯನ್ನು ಗುಡ್ಡ ಮಾಡಿದವಳು ನಾನು. ಒಂದು ಸಲ ಹೀಗೆಯೇ ಬಾಯಿ ಹಾಕಿ ಟೈಲರಮ್ಮನ ಮಗಳ ಸಂಬಂಧ ಮುರಿದದ್ದು ನಿನಗೆ ನೆನಪಿದೆ. ಅವಳು ಇವತ್ತಿಗೂ ನನ್ನ ಪಾರ್ಲರಿಗೆ ಕಾಲಿಡುವುದಿಲ್ಲ. ನಿನಗೆ ಅದನ್ನು ಮಾಡಲಾರೆ.

ನಿಜ ಹೇಳುತ್ತೇನೆ, ಹೊಟ್ಟೆ ಉಬ್ಬಿ ಒಡೆದುಹೋಗುವ ಹಾಗಿದೆ. ನಿನ್ನೆ ಬೇಕರಿಯವರ ಹೆಂಡತಿಗೆ ಬಣ್ಣ ಹಚ್ಚುವಾಗ, ನಿನ್ನ ತಂಗಿಯ ಹುಡುಗ ಹೇಗಿದ್ದಾನೆ ಎಂದು ಅವಳೇ ಕೇಳಿದಳು. ಬಾಯಿ ಅರ್ಧ ತೆರೆದೇ ಬಿಟ್ಟೆ. ತಕ್ಷಣ ಒಳಗೆ ಹೋಗಿ ನಲ್ಲಿ ತಿರುಗಿಸಿ, ಸದ್ದಾಗುವ ಹಾಗೆ ಮುಖ ತೊಳೆದುಕೊಂಡೆ. ಬರುವಷ್ಟರಲ್ಲಿ ಬಣ್ಣ ಅವಳ ಕಿವಿಗೆ ಇಳಿದಿತ್ತು. (ಅವಳು ಈಗ ಎದುರಿಗೇ ಇದ್ದಾಳೆ, ಕಿವಿ ಉಜ್ಜಿಸಿಕೊಳ್ಳಲು ಬಂದಿದ್ದಾಳೆ. ಇದನ್ನು ಓದಿ ಹೇಳಿದ್ದೇನೆ.)

ನನ್ನ ಮೇಲೆ ನಂಬಿಕೆ ಇಡು. ಪಾಸ್ಕಕ್ಕೆ ಇನ್ನು ಎಷ್ಟು ದಿನ ಮಹಾ!

ಅಕ್ಕ


ಶುಕ್ರವಾರ, ಮಾರ್ಚ್ 20

ಪುಟ್ಟಿ,

ನಿನ್ನ ಕಾಗದ ಬಂದಿಲ್ಲ. ಏನೇ, ನೀನೂ ಏನಾದರೂ ಬಿಟ್ಟೆಯಾ? ಅಕ್ಕನನ್ನು ಬಿಟ್ಟೆಯಾ?

ಅಮ್ಮ ಕೇಳುತ್ತಿದ್ದಾಳೆ. ಇಲ್ಲೇ ಬಾಗಿಲಲ್ಲಿ ನಿಂತಿದ್ದಾಳೆ, ಹಾಗಾಗಿ ಬರೆಯಬಹುದು: ಅವಳು ಊಟ ಸರಿಯಾಗಿ ಮಾಡುತ್ತಿಲ್ಲ. ಉಪವಾಸ ಎನ್ನುತ್ತಾಳೆ. ಉಪವಾಸದ ಮುಖ ಯಾವುದು, ಚಿಂತೆಯ ಮುಖ ಯಾವುದು ಎಂದು ನನಗೆ ಗೊತ್ತಾಗುವುದಿಲ್ಲವಾ?

ಅಕ್ಕ


ಬುಧವಾರ, ಮಾರ್ಚ್ 25

ಅಕ್ಕ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಕಡಿಮೆಯಾಗಿದೆ. ವಾರ್ಡಿನ ಅಜ್ಜಿ ಗುಣವಾಗಿ ಮನೆಗೆ ಹೋದರು, ಹೋಗುವಾಗ ನನಗೊಂದು ಸ್ವೆಟರ್ ಕೊಟ್ಟರು. ತೋಳು ಒಂದು ಉದ್ದ, ಒಂದು ಗಿಡ್ಡ.

ಮದುವೆಯ ಬಟ್ಟೆಗೆ ಸದ್ಯಕ್ಕೆ ಕತ್ತರಿ ಹಾಕಿಸಬೇಡ.

ಅಕ್ಕ, ನಿನ್ನ ಶಪಥಕ್ಕೆ ಬೆಲೆ ಕೊಟ್ಟು ನಾನಿನ್ನು ಏನೂ ಕೇಳುವುದಿಲ್ಲ. ನನ್ನ ವಿಷಯ ಮಾತ್ರ ಹೇಳುತ್ತೇನೆ. ಎಕ್ಸ್‌ರೇ ಮಾಸ್ತರರಿಗೆ ಸಮುದ್ರದ ದಡದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ನರ್ಸುಗಳೂ ಬೇಕು. ಅರ್ಜಿಯ ಕಾಗದ ತಂದುಕೊಟ್ಟಿದ್ದಾರೆ. ಸಹಿ ಒಂದು ಬಾಕಿ. ಮಂಗಳವಾರ ಸಂಜೆಯೊಳಗೆ ಕೊಟ್ಟರೆ, ಬುಧವಾರದ ವ್ಯಾನಿನಲ್ಲಿ ಅವರೇ ಒಯ್ಯುತ್ತಾರೆ. ಬರೀ ಅರ್ಜಿಯಲ್ಲ ಅದು, ನಿನಗೂ ಅರ್ಥವಾಗುತ್ತದೆ. ಅವರು ಮುಚ್ಚುಮರೆ ಮಾಡದೆ ಹೇಳಿದರು: “ನಿಮಗೆ ಬರೆಯದೇ ಇರೋರಿಗೋಸ್ಕರ ನೀವು ಗೇಟಲ್ಲಿ ನಿಲ್ಲೋದನ್ನ ನೋಡೋಕೆ ನನಗೆ ಆಗಲ್ಲ.” ಕೆಟ್ಟ ಮನುಷ್ಯನಾಗಿದ್ದರೆ ಬೈದು ಕಳಿಸುತ್ತಿದ್ದೆ. ಒಳ್ಳೆಯವರು. ಕಷ್ಟ ಇರುವುದೇ ಅಲ್ಲಿ. ದಿನಕ್ಕೊಂದು ಚೀಟಿ ನನ್ನ ಮೇಜಿನ ಮೇಲೆ ಇಡುತ್ತಾರೆ, ಒಂದೊಂದರಲ್ಲೂ ಒಂದು ನಗೆಮಾತು.

ಗಡಿಯಾರದವರಿಗೂ ಇದೇ ವ್ಯಾನಿನಲ್ಲಿ ನನ್ನ ಹನ್ನೊಂದನೆಯ ಕಾಗದ ಬರುತ್ತಿದೆ. ಹತ್ತಕ್ಕೆ ಉತ್ತರವಿಲ್ಲ. ನನಗೂ ಮಾನ ಇದೆ ಅಕ್ಕ. ಇನ್ನೆಷ್ಟು ಬರೆಯಲಿ?

ಪುಟ್ಟಿ


ಗರಿಗಳ ಭಾನುವಾರ, ಮಾರ್ಚ್ 29

ಪುಟ್ಟಿ,

ಇದನ್ನು ಓದುವ ಮೊದಲು ಎದುರಿಗೆ ನಿಂತಿರುವವನ ಮುಖ ನೋಡು. ಈ ಕಾಗದ ಅವನ ಜೇಬಿನಲ್ಲೇ ಬರುತ್ತಿದೆ.

ನಿನ್ನ ಕಾಗದ ನಿನ್ನೆ ಸಂಜೆ ಸಿಕ್ಕಿತು. ನಿದ್ದೆ ಬರಲಿಲ್ಲ. ಹೇಳಿದರೆ ಶಪಥ ಮುರಿಯುತ್ತದೆ, ಹೇಳದಿದ್ದರೆ ನಿನ್ನ ಬಾಳು. ಬೆಳಿಗ್ಗೆ ಪೂಜೆಯಲ್ಲಿ ಗರಿ ಹಿಡಿದು ನಿಂತಾಗ ಹೊಳೆಯಿತು. ಇದಕ್ಕೆ ಶಪಥ ಮುರಿಯಬೇಕಾಗಿಯೇ ಇಲ್ಲ, ರಸ್ತೆ ದಾಟಿದರೆ ಸಾಕು. ಚರ್ಚಿನ ಬಾಗಿಲಲ್ಲೇ ನಿನ್ನ ಗಡಿಯಾರದವನ ತೋಳು ಹಿಡಿದೆ. ಸುಮ್ಮನೆ ಬಾರಪ್ಪ ಎಂದು ಪಾರ್ಲರಿಗೆ ಕರೆತಂದು, ಹೆಂಗಸರ ಕುರ್ಚಿಯಲ್ಲಿ ಕೂರಿಸಿ, ಕತ್ತಿನ ಸುತ್ತ ಬಟ್ಟೆ ಕಟ್ಟಿಬಿಟ್ಟೆ. ಬಟ್ಟೆ ಕಟ್ಟಿದ ಮೇಲೆ ಎದ್ದು ಓಡಿದವರನ್ನು ನಾನು ಇದುವರೆಗೆ ನೋಡಿಲ್ಲ.

ಈಗ ಇವನು ಎದುರಿಗಿದ್ದಾನೆ, ಆದ್ದರಿಂದ ಬರೆಯುತ್ತೇನೆ. ಪರದೆ ಹಾಕಿಸುವ ಮೊದಲು ನಾನು ನೋಡಿದ್ದು ಇಷ್ಟು: ಟಪಾಲಿನವನು ನಿನ್ನ ಕಾಗದ ಕೊಡುತ್ತಾನೆ. ಇವನು ಕೈ ಒರೆಸಿಕೊಂಡು ತೆಗೆದುಕೊಳ್ಳುತ್ತಾನೆ, ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ. ಆಮೇಲೆ ಒಡೆಯದೆಯೇ ಮೇಜಿನ ಖಾನೆಯೊಳಗೆ ಹಾಕಿ ಬೀಗ ಹಾಕುತ್ತಾನೆ. ಪ್ರತಿ ಸಲವೂ ಹೀಗೆಯೇ.

ಯಾಕೆ ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಬಟ್ಟೆಯೊಳಗಿಂದ ಕೈ ತೆಗೆದು ಜೇಬಿನ ಬೀಗದಕೈ ಮುಟ್ಟಿಕೊಂಡ. ಆಮೇಲೆ ಬಾಯಿ ಬಿಟ್ಟ.

“ಅಕ್ಕ, ತುಂಬಾ ಪ್ರಿಯವಾದದ್ದನ್ನ ಬಿಡಿ ಅಂದ್ರಲ್ಲ ಫಾದರ್. ಅವಳ ಕಾಗದಕ್ಕಿಂತ ಪ್ರಿಯವಾದದ್ದು ನನ್ನ ಹತ್ರ ಇನ್ನೇನೂ ಇರಲಿಲ್ಲ.”

ಪುಟ್ಟಿ, ನಾನು ಬಾಚಣಿಗೆ ಕೆಳಗಿಟ್ಟು ಅತ್ತುಬಿಟ್ಟೆ. ಅತ್ತು ಮುಗಿಸಿದ ಮೇಲೆ ಅದೇ ಬಾಚಣಿಗೆಯಿಂದ ತಲೆಗೆ ಒಂದು ಕೊಟ್ಟೆ. ಅವಳಿಗೆ ಒಂದು ಮಾತು ತಿಳಿಸಬಾರದಿತ್ತಾ ಎಂದೆ. ಮಾಡುವ ಉಪವಾಸವನ್ನು ಸಾರಿಕೊಂಡು ತಿರುಗಬಾರದು ಎಂದು ಬೂದಿ ಬುಧವಾರದ ಪೂಜೆಯಲ್ಲಿ ಫಾದರ್ ಓದಿದ್ದನ್ನು ಕೇಳಿದ್ದನಲ್ಲ, ಅದಕ್ಕೇ ಗುಟ್ಟು. ಓದದಿದ್ದರೆ ಹೋಗಲಿ, ನೀನಾದರೂ ಬರೆಯಬಹುದಿತ್ತಲ್ಲ ಎಂದರೆ, ಓದದೆ ಉತ್ತರ ಬರೆದರೆ ಅದು ಸುಳ್ಳಾಗುತ್ತದೆ ಎನ್ನುತ್ತಾನೆ. ಇಷ್ಟು ಪ್ರಾಮಾಣಿಕನಾದವನನ್ನು ಏನು ಮಾಡುವುದು ಹೇಳು.

ಹೋಗಿ ಕಾಗದ ತಂದು ಓದು ಎಂದೆ. ಶಪಥ ಎಂದ, ಇನ್ನು ಆರೇ ದಿನ ಎಂದ. ಆಗ ಬಾಗಿಲಲ್ಲಿ ನಿಂತಿದ್ದ ಅಮ್ಮ ಬೆರಳು ಮಡಿಸುತ್ತಾ ಒಳಗೆ ಬಂದಳು. ಬೂದಿ ಬುಧವಾರದಿಂದ ಪಾಸ್ಕದ ಹಿಂದಿನ ದಿನದವರೆಗೆ ಎಷ್ಟು ಎಂದು ಕೇಳಿದಳು. ನಲವತ್ತು ಎಂದ. ಎಣಿಸು ಎಂದಳು. ಎಣಿಸಿದ, ನಲವತ್ತಾರು ಬಂತು. ಹೆಚ್ಚಾದ ಆರು ಯಾವುದು ಎಂದಳು. ಇವನಿಗೆ ಗೊತ್ತಿಲ್ಲ.

“ಆರು ಭಾನುವಾರ ಕಣೋ,” ಎಂದಳು ಅಮ್ಮ. “ಭಾನುವಾರ ಉಪವಾಸದ ಲೆಕ್ಕಕ್ಕೆ ಬರಲ್ಲ. ಊರಿಗೆಲ್ಲ ಟೈಮ್ ಹೇಳ್ತೀಯ, ಇಷ್ಟು ಗೊತ್ತಿಲ್ವಾ?”

ವಾರಕ್ಕೊಂದು ದಿನ ಓದಬಹುದಿತ್ತು ಎಂದು ತಿಳಿದಾಗ ಇವನ ಮುಖ ನೋಡಬೇಕಿತ್ತು ನೀನು. ಕತ್ತಿನ ಬಟ್ಟೆಯ ಸಮೇತ ರಸ್ತೆ ದಾಟಿ ಓಡಿದ. ಹನ್ನೊಂದೂ ತಂದ. ತಾರೀಖಿನ ಪ್ರಕಾರ ಜೋಡಿಸಿ, ಗಡಿಯಾರ ಬಿಚ್ಚುವ ಸಣ್ಣ ಚಿಮಟದಿಂದ ಒಂದೊಂದನ್ನೇ ಒಡೆದ. ಮೊದಲ ನಾಲ್ಕಕ್ಕೆ ನಕ್ಕ. ಐದನೆಯದರಿಂದ ನಗು ನಿಂತಿತು. ಹನ್ನೊಂದನೆಯದು ಓದಿ ಎದ್ದು ನಿಂತವನು, ಬೆಟ್ಟಕ್ಕೆ ಬಸ್ ಎಷ್ಟು ಗಂಟೆಗೆ ಎಂದು ಕೇಳುತ್ತಿದ್ದಾನೆ. ಬಸ್ ಕೆಳಗಿನ ಪೇಟೆಯವರೆಗೆ ಮಾತ್ರ, ಅಲ್ಲಿಂದ ಮೇಲಕ್ಕೆ ಬುಧವಾರದ ವ್ಯಾನೇ ಗತಿ. ನಿನ್ನ ಗಡುವು ಮಂಗಳವಾರ. ಈ ಜನ್ಮದಲ್ಲಿ ಇವನು ಸರಿಯಾದ ಹೊತ್ತಿಗೆ ಬರಬೇಕಾದ ಜಾಗ ಇದೊಂದೇ ಇತ್ತು. ದೇವರೇ, ಅಲ್ಲಿಗೂ ಒಂದು ದಿನ ತಡ.

ನನ್ನದೂ ತಪ್ಪಿದೆ ಪುಟ್ಟಿ. ಹಿಂದಿನಿಂದ ಆಡುವ ಮಾತು ಬಿಟ್ಟೆ ಎಂದು ಬೀಗುತ್ತಿದ್ದೆ, ಎದುರಿಗೆ ಆಡುವ ಮಾತು ಕಲಿಯಲೇ ಇಲ್ಲ. ಈ ರಸ್ತೆ ಇಪ್ಪತ್ತು ಹೆಜ್ಜೆ ಅಗಲ. ದಾಟಲು ನನಗೆ ಆರು ವಾರ ಬೇಕಾಯಿತು. ನನ್ನ ಶಪಥ ಶುದ್ಧವಾಗಿರಲಿ ಎಂದು ನೀನು ಅಳುವ ಹಾಗೆ ಮಾಡಿದೆ. ಕ್ಷಮಿಸು.

ಸಹಿ ಹಾಕಿದ್ದರೆ, ಹಾಕಿದ್ದೀಯ. ನಾನು ಏನೂ ಅನ್ನುವುದಿಲ್ಲ. ಆದರೆ ಇವನಿಗೆ ಒಂದು ಲೋಟ ಚಹಾ ಕೊಟ್ಟು ಕಳಿಸು.

ಅಕ್ಕ


ಗುರುವಾರ, ಏಪ್ರಿಲ್ 2

ಅಕ್ಕ,

ಶನಿವಾರದ ವ್ಯಾನಿನಲ್ಲಿ ನಾವಿಬ್ಬರೂ ಇಳಿಯುತ್ತೇವೆ, ಈ ಕಾಗದವೂ ನಮ್ಮ ಜೊತೆಗೇ ಬರುತ್ತದೆ. ಮತ್ತೆ ಯಾಕೆ ಬರೆಯುತ್ತೀಯ ಎಂದರೆ, ಎದುರಿಗೆ ಹೇಳಿದರೆ ನೀನು ಮಧ್ಯೆ ಮಧ್ಯೆ ಬಾಯಿ ಹಾಕುತ್ತೀಯ.

ನಿನ್ನೆ ವ್ಯಾನ್ ಬಂದಾಗ ಎಕ್ಸ್‌ರೇ ಮಾಸ್ತರರು ಎರಡು ಪೆಟ್ಟಿಗೆ ಇಟ್ಟುಕೊಂಡು ಗೇಟಿನಲ್ಲಿದ್ದರು. ನಾನು ಪಕ್ಕದಲ್ಲಿ ನಿಂತಿದ್ದೆ. ಇವರು ವ್ಯಾನಿನಿಂದ ಇಳಿದರು, ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. ಒಂದು ಪೆಟ್ಟಿಗೆ ನನ್ನದೆಂದು ತಿಳಿದರು. ಬಂದು ಆ ಪೆಟ್ಟಿಗೆಯನ್ನು ಎತ್ತಿ ವ್ಯಾನಿನೊಳಗೆ ಇಟ್ಟುಕೊಟ್ಟರು ಅಕ್ಕ. ನನಗೆ ಅಲ್ಲೇ ಎದೆ ಒಡೆದುಹೋಯಿತು.

ಮಾಸ್ತರರೇ ನಕ್ಕು, ಅದು ನನ್ನ ಪುಸ್ತಕದ ಪೆಟ್ಟಿಗೆ, ಆದರೂ ಉಪಕಾರವಾಯಿತು, ತುಂಬಾ ಭಾರ ಇತ್ತು ಎಂದರು. ನನಗೆ ಕೈ ಮುಗಿದು ವ್ಯಾನ್ ಹತ್ತಿದರು. ಅವರು ಹೋದದ್ದಕ್ಕೆ ನನಗೆ ಸ್ವಲ್ಪ ಬೇಸರವಾಯಿತು. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದು ಸಾಕಾಗಿದೆ.

ಇವರು ಬಂದರು ಎಂದು ನಾನು ಉಳಿದೆ ಎಂದು ತಿಳಿಯಬೇಡ. ಮಂಗಳವಾರ ಮಧ್ಯಾಹ್ನವೇ ಅರ್ಜಿಯನ್ನು ಸಹಿ ಹಾಕದೆ ವಾಪಸ್ ಕೊಟ್ಟಿದ್ದೆ. ಕಾರಣ ಕೇಳಿದರೆ ನಗುತ್ತೀಯ. ಪೆನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಆವತ್ತಿನ ಚೀಟಿ ಇತ್ತು, ಅದರಲ್ಲಿ ಒಳ್ಳೆಯ ನಗೆಮಾತು. ನಕ್ಕೆ. ನಕ್ಕ ಕೂಡಲೇ ಅನ್ನಿಸಿದ್ದು, ಇದನ್ನು ಇವರಿಗೆ ಬರೆಯಬೇಕು ಎಂದು. ಆಮೇಲೆ ಯೋಚಿಸಿದೆ: ಒಂದು ತಿಂಗಳಿಂದ ಮಾಸ್ತರರು ನನಗೆ ಹೇಳಿದ ತಮಾಷೆಯನ್ನೆಲ್ಲ ನಾನು ಜೋಪಾನ ಮಾಡಿ ಇನ್ನೊಬ್ಬರಿಗೆ ಬರೆದು ಕಳಿಸುತ್ತಿದ್ದೇನೆ. ಉತ್ತರ ಬರದಿದ್ದರೂ ಕಳಿಸುತ್ತಿದ್ದೇನೆ. ಇಂಥವಳು ಸಮುದ್ರದ ದಡಕ್ಕೆ ಹೋಗಿ ಏನು ಮಾಡಲಿ? ಪೆನ್ನಿಗೆ ಮುಚ್ಚಳ ಹಾಕಿದೆ.

ಇವರಿಗೆ ಚಹಾ ಕೊಟ್ಟೆ. ಬೈದೆ ಕೂಡ. ತಲೆ ತಗ್ಗಿಸಿ ಕೇಳಿದರು. ದೇವರಿಗೆ ಅತಿ ಪ್ರಿಯವಾದದ್ದನ್ನೇ ಕೊಟ್ಟೆ ಎಂದು ಮೆಲ್ಲಗೆ ಹೇಳಿದರು. ಆಗ ನಾನು ಹೇಳಿದ್ದನ್ನು ನಿನಗೂ ಹೇಳುತ್ತೇನೆ, ಅದರಲ್ಲಿ ನಿನ್ನ ಪಾಲೂ ಇದೆ.

“ದೇವರಿಗೆ ನಿಮ್ಮದು ಏನು ಬೇಕಾದ್ರೂ ಕೊಡಿ. ಆ ಕಾಗದದ ಒಳಗೆ ಇದ್ದವಳು ನಾನು. ನನ್ನನ್ನ ಕೊಡೋಕೆ ನನ್ನ ಕೇಳಿದ್ರಾ?”

ಅದಕ್ಕೆ ಅವರು ಕಾಗದ, ಪೆನ್ನು ಕೇಳಿದರು. ಅವತ್ತಿನಿಂದ, ಅಂದರೆ ನಿನ್ನೆಯಿಂದ, ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಹನ್ನೊಂದು ಕಾಗದಕ್ಕೂ ಒಂದೊಂದಾಗಿ ಉತ್ತರ ಬರೆಯುತ್ತಿದ್ದಾರೆ. ನಾನು ಇಲ್ಲೇ ಇದ್ದೇನೆ, ಬಾಯಲ್ಲಿ ಹೇಳಿ ಎಂದರೂ ಕೇಳುವುದಿಲ್ಲ. ಬರೆದು ಮುಗಿಸಿ, ಮಡಚಿ, ನಾನು ಔಷಧದ ತಟ್ಟೆ ಹಿಡಿದು ಆ ಕಡೆ ಹೋಗುವಾಗ ತಟ್ಟೆಯಲ್ಲಿ ಇಡುತ್ತಾರೆ. ಎರಡನೆಯದರಲ್ಲಿ, ನಿನಗೆ ನೆಗಡಿ ಎಂದು ಓದಿದೆ, ಬಿಸಿನೀರು ಕುಡಿ ಎಂದಿದೆ. ಆ ನೆಗಡಿ ಹೋಗಿ ಒಂದು ತಿಂಗಳಾಯಿತು. ರೋಗಿಗಳೆಲ್ಲ ಹಾಸಿಗೆಯಲ್ಲಿ ಎದ್ದು ಕೂತು, ಎಷ್ಟನೆಯದು ಬಂತು ನರ್ಸಮ್ಮಾ ಎಂದು ಕೇಳುತ್ತಿದ್ದಾರೆ.

ಈಗ ಹತ್ತು ಮುಗಿದಿವೆ. ಹನ್ನೊಂದನೆಯದರಲ್ಲಿ ನಾನು ಕೇಳಿದ್ದು ಒಂದೇ ಸಾಲು: ನಾನು ನಿಮಗೆ ಇನ್ನೂ ಬೇಕಾ, ಬೇಡವಾ? ಅದಕ್ಕೆ ಉತ್ತರ ಬರೆಯಲು ಒಂದು ಗಂಟೆಯಿಂದ ಕೂತಿದ್ದಾರೆ. ಕಿಟಕಿಯಿಂದ ನೋಡಿದೆ, ನಾಲ್ಕು ಹಾಳೆ ತುಂಬಿದೆ, ಐದನೆಯದು ಕೇಳಲು ಎದ್ದು ಈ ಕಡೆಯೇ ಬರುತ್ತಿದ್ದಾರೆ.

ಬಟ್ಟೆಗೆ ಕತ್ತರಿ ಹಾಕಿಸು.

ಪುಟ್ಟಿ